ಬೆಕ್ಕು ಊಟ ಬಿಟ್ಟರೆ ಎಷ್ಟು ದಿನ ಕಾಯಬಹುದು?

ಪ್ರಶ್ನೆ: ಡಾಕ್ಟ್ರೇ, ನಮ್ಮ ಗುಂಡನಿಗೆ ಐದು ವರ್ಷ. ಗಂಡು, ಆಪರೇಷನ್ ಆಗಿದೆ, ಮನೆಯೊಳಗೇ ಇರುತ್ತಾನೆ, ತೂಕ ಆರು ಕೆಜಿ ಮೇಲೇ ಇದ್ದಾನೆ. ಹೋದ ವಾರ ಶಿವಮೊಗ್ಗದಲ್ಲೇ ಬೇರೆ ಮನೆಗೆ ಬಂದೆವು. ಮೊನ್ನೆ ರಾತ್ರಿಯಿಂದ ಅವನು ಏನೂ ತಿಂದಿಲ್ಲ. ಬಟ್ಟಲ ಹತ್ತಿರ ಬರುತ್ತಾನೆ, ಮೂಸುತ್ತಾನೆ, ವಾಪಸ್ ಹೋಗಿ ಮಂಚದ ಕೆಳಗೆ ಕೂರುತ್ತಾನೆ. ನೀರು ಸ್ವಲ್ಪ ಕುಡಿದ. ಒಂದು ಸಲ ವಾಂತಿ ಮಾಡಿದ, ಬರೀ ನೊರೆ. ಅತ್ತೆ "ಹಸಿವಾದರೆ ತಾನೇ ತಿನ್ನುತ್ತೆ, ಸುಮ್ನೆ ಬಿಡು" ಅಂತಾರೆ. ಮೈ ಬಿಸಿ ಇದ್ದ ಹಾಗಿದೆ. ಅರ್ಧ ಕ್ರೋಸಿನ್ ಕೊಡಲಾ? ಸಿರಿಂಜಿನಲ್ಲಿ ಹಾಲು ಹಾಕಲಾ? ಎಷ್ಟು ದಿನ ಕಾಯಬಹುದು?

ಉತ್ತರ: ಮೊದಲು ಅವಸರದ್ದು ಹೇಳಿಬಿಡುತ್ತೇನೆ. ಕ್ರೋಸಿನ್ ಬೇಡ. ಅರ್ಧವೂ ಬೇಡ, ಕಾಲು ಮಾತ್ರೆಯೂ ಬೇಡ. ಹಾಲನ್ನೂ ಬಾಯಿಗೆ ಹುಯ್ಯಬೇಡಿ. ಕಾಯುವ ದಿನಗಳು ಮುಗಿದಿವೆ, ಗುಂಡನನ್ನು ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಉಳಿದದ್ದನ್ನು ಬೇಕಾದರೆ ಆಟೋದಲ್ಲಿ ಕೂತು ಓದಿ.

ದೊಡ್ಡ ಬೆಕ್ಕು, ಬೇರೆ ಯಾವ ತೊಂದರೆಯೂ ಇಲ್ಲ, ಆಟವಾಡಿಕೊಂಡು ಇದೆ, ಊಟ ಮಾತ್ರ ಬಿಟ್ಟಿದೆ ಅಂದರೆ 24 ಗಂಟೆ ನೋಡಬಹುದು. ಅಷ್ಟೇ. ಜೊತೆಗೆ ವಾಂತಿ, ಮಂಕು, ಅಡಗಿ ಕೂರುವುದು, ಜೊಲ್ಲು, ಉಸಿರಾಟದಲ್ಲಿ ವ್ಯತ್ಯಾಸ ಇವುಗಳಲ್ಲಿ ಒಂದಿದ್ದರೂ ಅಷ್ಟು ಹೊತ್ತೂ ಕಾಯುವುದಿಲ್ಲ. ನಿಮ್ಮ ಗುಂಡ 36 ಗಂಟೆ ದಾಟಿದ್ದಾನೆ, ವಾಂತಿ ಮಾಡಿದ್ದಾನೆ, ಅಡಗುತ್ತಿದ್ದಾನೆ, ಮೇಲಾಗಿ ದಪ್ಪ ಇದ್ದಾನೆ. ಈ ಕೊನೆಯದು ಎಲ್ಲಕ್ಕಿಂತ ಜಾಸ್ತಿ ಯೋಚನೆಯ ವಿಷಯ, ಯಾಕೆ ಅಂತ ಹೇಳುತ್ತೇನೆ.

ದಪ್ಪ ಇದ್ದಾನೆ, ಎರಡು ದಿನ ಉಪವಾಸ ಇದ್ದರೆ ಒಳ್ಳೆಯದೇ ಅಲ್ವಾ ಅಂತ ಎಷ್ಟೋ ಜನ ಕೇಳುತ್ತಾರೆ. ಬೆಕ್ಕಿನಲ್ಲಿ ಇದು ಉಲ್ಟಾ. ಊಟ ನಿಂತ ಕೂಡಲೇ ದೇಹ ಕೂಡಿಟ್ಟ ಕೊಬ್ಬನ್ನು ಕರಗಿಸಿ ಲಿವರ್‌ಗೆ ಕಳಿಸುತ್ತದೆ. ನಾಯಿಗೂ ನಮಗೂ ಹಾಗೇ ಆಗುತ್ತದೆ, ಆದರೆ ಲಿವರ್ ಅದನ್ನು ಬಳಸಿ ಮುಂದೆ ಸಾಗಿಸುತ್ತದೆ. ಬೆಕ್ಕಿನ ಲಿವರ್‌ಗೆ ಆ ಶಕ್ತಿ ಕಮ್ಮಿ. ಬೆಕ್ಕು ಹುಟ್ಟಾ ಮಾಂಸಾಹಾರಿ, ದಿನಾ ಪ್ರೋಟೀನ್ ಬರುತ್ತಲೇ ಇರುತ್ತದೆ ಅನ್ನುವ ಲೆಕ್ಕದಲ್ಲೇ ಅದರ ದೇಹ ನಡೆಯುವುದು. ಊಟ ನಿಂತಿದೆ ಅಂತ ಪ್ರೋಟೀನ್ ಖರ್ಚನ್ನು ತಗ್ಗಿಸಿಕೊಳ್ಳುವುದು ಅದಕ್ಕೆ ಸರಿಯಾಗಿ ಬರುವುದಿಲ್ಲ. ಕೊಬ್ಬನ್ನು ಲಿವರ್‌ನಿಂದ ಹೊರಗೆ ಸಾಗಿಸುವುದಕ್ಕೂ ಪ್ರೋಟೀನ್ ಬೇಕು, ಅದು ಸಿಗದೆ ಕೊಬ್ಬೆಲ್ಲ ಲಿವರ್‌ನಲ್ಲೇ ತುಂಬಿಕೊಳ್ಳುತ್ತದೆ. ಲಿವರ್ ಕೆಲಸ ನಿಲ್ಲಿಸುತ್ತಾ ಬರುತ್ತದೆ. ಹೆಪಾಟಿಕ್ ಲಿಪಿಡೋಸಿಸ್ ಅಂತ ಇದರ ಹೆಸರು. ದಪ್ಪ ಬೆಕ್ಕಿನಲ್ಲಿ ಕೊಬ್ಬು ಜಾಸ್ತಿ, ಹಾಗಾಗಿ ಅಪಾಯವೂ ಜಾಸ್ತಿ. ಕೆಲವೇ ದಿನಗಳಲ್ಲಿ ಶುರುವಾಗಬಹುದು.

ಇದರಲ್ಲಿ ಕೆಟ್ಟದ್ದು ಏನೆಂದರೆ, ಲಿವರ್ ಹಾಳಾದರೆ ಹೊಟ್ಟೆ ತೊಳಸುತ್ತದೆ, ತೊಳಸಿದರೆ ಬೆಕ್ಕು ಇನ್ನೂ ತಿನ್ನುವುದಿಲ್ಲ, ತಿನ್ನದಿದ್ದರೆ ಲಿವರ್ ಇನ್ನೂ ಹಾಳು. ಊಟ ಬಿಟ್ಟದ್ದು ಹಲ್ಲುನೋವಿನಿಂದ ಇರಬಹುದು, ಭಯದಿಂದ ಇರಬಹುದು. ನಾಲ್ಕೈದು ದಿನ ಆದ ಮೇಲೆ ಮೊದಲ ಕಾರಣ ಹೋಗಿದ್ದರೂ ಈ ಎರಡನೆಯದು ಹಿಡಿದುಕೊಂಡಿರುತ್ತದೆ. ಅದಕ್ಕೇ "ಹಸಿವಾದರೆ ತಿನ್ನುತ್ತೆ" ಅನ್ನುವುದು ಇಲ್ಲಿ ಕೆಲಸ ಮಾಡುವುದಿಲ್ಲ, ಹಸಿವೇ ಸತ್ತುಹೋಗಿರುತ್ತದೆ.

ಹಾಗಂತ ಅತ್ತೆಯವರು ಸುಳ್ಳು ಹೇಳುತ್ತಿಲ್ಲ. ಹಳ್ಳಿ ಮನೆಗಳಲ್ಲಿ ಬೆಕ್ಕು ಎರಡು ದಿನ ಬಟ್ಟಲು ಮುಟ್ಟದೆ ಮೂರನೇ ದಿನ ಆರಾಮಾಗಿ ಬಂದು ಹಾಲನ್ನ ತಿನ್ನುವುದನ್ನು ಅವರು ನೋಡಿಯೇ ನೋಡಿರುತ್ತಾರೆ. ಆದರೆ ಆ ಬೆಕ್ಕು ಉಪವಾಸ ಇರಲಿಲ್ಲ. ಕಣಜದ ಹತ್ತಿರ ಇಲಿ ಹಿಡಿದಿರುತ್ತದೆ, ಪಕ್ಕದ ಮನೆಯಲ್ಲಿ ಮೀನಿನ ತಲೆ ಸಿಕ್ಕಿರುತ್ತದೆ. ಮನೆಯೊಳಗೇ ಇರುವ ಗುಂಡನಿಗೆ ಆ ದಾರಿ ಇಲ್ಲ. ಓದುಗರಲ್ಲಿ ಹೊರಗೆ ತಿರುಗುವ ಬೆಕ್ಕು ಸಾಕಿದವರು ಇದ್ದರೆ, ಗಾಬರಿಯಾಗುವ ಮುಂಚೆ ಅಕ್ಕಪಕ್ಕದವರನ್ನು ಒಮ್ಮೆ ಕೇಳಿ. ಮೂರು ಮನೆಯಲ್ಲಿ ಮೂರು ಹೆಸರಿಟ್ಟುಕೊಂಡು ಮೂರು ಹೊತ್ತು ತಿನ್ನುವ ಬೆಕ್ಕುಗಳಿವೆ. ಆಪರೇಷನ್ ಆಗದ ಗಂಡು ಬೆಕ್ಕುಗಳು ಹೆಣ್ಣಿನ ಹಿಂದೆ ಬಿದ್ದಾಗಲೂ ಊಟ ಮರೆಯುತ್ತವೆ, ನಾಲ್ಕು ದಿನಕ್ಕೆ ಸೊರಗಿ, ಕಿವಿ ಹರಿದುಕೊಂಡು ಮನೆಗೆ ಬರುತ್ತವೆ.

ಈಗ ಗುಂಡನ ವಿಷಯಕ್ಕೆ ಬರೋಣ. ಬೆಕ್ಕು ತಿನ್ನುತ್ತಿಲ್ಲ ಅಂದಾಗ ನಾನು ಮೊದಲು ಕೇಳುವುದು ಒಂದೇ: ತಿನ್ನೋಕೆ ಮನಸ್ಸಿಲ್ವೋ, ಮನಸ್ಸಿದ್ದೂ ತಿನ್ನೋಕೆ ಆಗ್ತಿಲ್ವೋ? ಎರಡೂ ಬೇರೆ ಬೇರೆ ಕಾಯಿಲೆಗಳು. ಬಟ್ಟಲ ಮುಂದೆ ಬೆಕ್ಕು ಏನು ಮಾಡುತ್ತದೆ ಅಂತ ಒಂದು ನಿಮಿಷ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಮೊಬೈಲಲ್ಲಿ ವಿಡಿಯೋ ಮಾಡಿಕೊಳ್ಳಿ. ಆಸ್ಪತ್ರೆಯ ಟೇಬಲ್ ಮೇಲೆ ಹೆದರಿ ಮುದುರಿ ಕೂತ ಬೆಕ್ಕು ಅಂಥದ್ದೇನನ್ನೂ ತೋರಿಸುವುದಿಲ್ಲ, ನಿಮ್ಮ ವಿಡಿಯೋ ತೋರಿಸುತ್ತದೆ.

ಆಸೆಯಿಂದ ಓಡಿ ಬಂದು, ಒಂದು ತುತ್ತು ಕಚ್ಚಿ, ತಲೆ ಕೊಡವಿ ಬಿಟ್ಟು ಹೋದರೆ ಬಾಯಿ ನೋವು. ಒಂದೇ ಬದಿಯಲ್ಲಿ ಅಗಿಯುವುದು, ಆಹಾರ ಬಾಯಿಂದ ಉದುರುವುದು, ಮುಂಗಾಲಿನಿಂದ ಬಾಯಿ ಕೆರೆದುಕೊಳ್ಳುವುದು, ಗಬ್ಬು ವಾಸನೆ ಇವೂ ಅದನ್ನೇ ಹೇಳುತ್ತವೆ. ವಸಡಿನ ಉರಿಯೂತ, ಬುಡ ಕರಗಿದ ಹಲ್ಲು, ನಾಲಿಗೆ ಹುಣ್ಣು ಬೆಕ್ಕುಗಳಲ್ಲಿ ತುಂಬಾ ಮಾಮೂಲಿ. ಗಟ್ಟಿ ಕಾಳು, ಅಂದರೆ ಅಂಗಡಿಯ ಒಣ ಬೆಕ್ಕಿನ ಆಹಾರ, ಬಿಟ್ಟು ಮೆತ್ತಗಿನದು ಮಾತ್ರ ತಿನ್ನುತ್ತದೆ ಅಂದರೂ ಬಾಯಿಯನ್ನೇ ನೋಡಬೇಕು. ಮೂಗು ಕಟ್ಟಿದ್ದರೆ ಬೇರೆ ಕಥೆ. ಬೆಕ್ಕು ತಿನ್ನುವುದು ಮೂಗಿನಿಂದ ಅಂದರೂ ತಪ್ಪಿಲ್ಲ, ವಾಸನೆ ಸಿಗದಿದ್ದರೆ ಅದರ ಮಟ್ಟಿಗೆ ಬಟ್ಟಲಲ್ಲಿ ಊಟವೇ ಇಲ್ಲ. ಸೀನು, ಕಣ್ಣಲ್ಲಿ ನೀರು, ಮೂಗಿನ ತುದಿಯಲ್ಲಿ ಹಕ್ಕಳೆ ಇದ್ದರೆ ಅದು ಹರ್ಪಿಸ್ ಅಥವಾ ಕ್ಯಾಲಿಸಿ ವೈರಸ್ಸಿನ ನೆಗಡಿ ಇರಬಹುದು. ಕ್ಯಾಲಿಸಿ ನಾಲಿಗೆಯ ಮೇಲೆ ಹುಣ್ಣನ್ನೂ ಮಾಡುತ್ತದೆ.

ಗುಂಡ ಮಾಡುತ್ತಿರುವುದು ಮೂರನೆಯದು ಅನ್ನಿಸುತ್ತಿದೆ. ಬರುತ್ತಾನೆ, ಮೂಸುತ್ತಾನೆ, ಹೋಗುತ್ತಾನೆ. ವಾಸನೆ ಸಿಗುತ್ತಿದೆ, ಆದರೆ ಆ ವಾಸನೆಯೇ ಅವನಿಗೆ ಹಿಂಸೆ. ಮೂಸಿದ ಮೇಲೆ ತುಟಿ ನೆಕ್ಕಿಕೊಳ್ಳುತ್ತಾನಾ? ಮತ್ತೆ ಮತ್ತೆ ಎಂಜಲು ನುಂಗುತ್ತಾನಾ? ಬಾಯಂಚಲ್ಲಿ ಜೊಲ್ಲು ಇದೆಯಾ? ಹೌದು ಅಂದರೆ ಹೊಟ್ಟೆ ತೊಳಸುತ್ತಿದೆ. ಹೊಟ್ಟೆ, ಕರುಳು, ಮೇದೋಜೀರಕ ಗ್ರಂಥಿ, ಕಿಡ್ನಿ, ಲಿವರ್, ವಿಷ, ಇವುಗಳಲ್ಲಿ ಯಾವುದರಿಂದ ಬೇಕಾದರೂ ಆಗಬಹುದು. ಮನೆಯಲ್ಲಿ ಕೂತು ಹೇಳಲು ಆಗುವುದಿಲ್ಲ, ಫೋಟೋ ನೋಡಿ ನನಗೂ ಆಗುವುದಿಲ್ಲ.

ಹೊರಡುವ ಮುಂಚೆ ಐದು ನಿಮಿಷದಲ್ಲಿ ಕೆಲವು ನೋಡಿಕೊಳ್ಳಿ. ಮೊದಲು ಲಿಟರ್ ಟ್ರೇ, ಅವನು ಮಲಮೂತ್ರಕ್ಕೆ ಹೋಗುವ ಮರಳಿನ ತಟ್ಟೆ. ನಿನ್ನೆಯಿಂದ ಎಷ್ಟು ಸಲ ಮೂತ್ರ ಮಾಡಿದ್ದಾನೆ, ಒದ್ದೆಯಾದ ಮರಳಿನ ಗಡ್ಡೆ ಎಷ್ಟು ದೊಡ್ಡದಿದೆ? ಟ್ರೇಗೆ ಹೋಗಿ ಹೋಗಿ ಕೂರುತ್ತಾನೆ, ತಿಣುಕುತ್ತಾನೆ, ಹನಿ ಮಾತ್ರ ಬರುತ್ತದೆ ಅಥವಾ ಏನೂ ಬರುವುದಿಲ್ಲ ಅಂದರೆ ಅದು ಊಟದ ಸಮಸ್ಯೆಯೇ ಅಲ್ಲ, ಮೂತ್ರನಾಳ ಕಟ್ಟಿದೆ. ಆಪರೇಷನ್ ಆದ ಗಂಡು, ದಪ್ಪ, ಮನೆಯೊಳಗಿನ ವಾಸ, ಹೊಸ ಮನೆಯ ಒತ್ತಡ. ಕಟ್ಟುವುದು ಹೆಚ್ಚಾಗಿ ಇಂಥ ಬೆಕ್ಕಿಗೇ. ಪೂರ್ತಿ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಎರಡು ಮೂರು ದಿನದಲ್ಲಿ ಹೃದಯ ನಿಲ್ಲಬಹುದು. ಎಷ್ಟೋ ಮನೆಯವರು ಇದನ್ನು ಮಲಬದ್ಧತೆ ಅಂದುಕೊಂಡು ಹರಳೆಣ್ಣೆ ಕುಡಿಸಿರುತ್ತಾರೆ. ರಾತ್ರಿ ಎರಡು ಗಂಟೆಯಾದರೂ ಡಾಕ್ಟರನ್ನು ಎಬ್ಬಿಸಬೇಕಾದ ಸಂದರ್ಭ ಇದು. ಹೊಟ್ಟೆ ಒತ್ತಿ ನೋಡಲು ಹೋಗಬೇಡಿ.

ಆಮೇಲೆ ಬಾಯಿ, ಅವನು ಬಿಟ್ಟರೆ ಮಾತ್ರ. ವಸಡು ಗುಲಾಬಿ ಬಣ್ಣಕ್ಕಿದ್ದು ಒದ್ದೆಯಾಗಿರಬೇಕು. ಬಿಳಿಚಿದ್ದರೆ, ಹಳದಿಯಾಗಿದ್ದರೆ, ಕಂದುಬಣ್ಣಕ್ಕಿದ್ದರೆ, ಮುಟ್ಟಿದರೆ ಅಂಟಂಟಾಗಿದ್ದರೆ ಅದನ್ನು ಡಾಕ್ಟರಿಗೆ ಹೇಳಿ. ಹಳದಿ ಬಣ್ಣ ಕಿವಿಯ ಒಳಮೈಯಲ್ಲಿ ಚೆನ್ನಾಗಿ ಕಾಣುತ್ತದೆ. ನಾಲಿಗೆಯ ಕೆಳಗೆ ದಾರ ಸಿಕ್ಕಿಕೊಂಡಿದೆಯಾ ನೋಡಿ. ಹೂ ಕಟ್ಟುವ ದಾರ, ಹೊಲಿಗೆ ದಾರ, ಗಾಳಿಪಟದ ದಾರ, ನಿಮ್ಮ ಮನೆಯಲ್ಲಾದರೆ ಸಾಮಾನು ಕಟ್ಟಿದ ರಿಬ್ಬನ್ನು, ಸುತಲಿ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಒಳಮುಖವಾಗಿವೆ, ದಾರ ಒಮ್ಮೆ ಬಾಯಿಗೆ ಹೋದರೆ ಉಗುಳುವುದು ಕಷ್ಟ, ನುಂಗುತ್ತಾ ಹೋಗುತ್ತದೆ. ಒಂದು ತುದಿ ನಾಲಿಗೆಗೆ ಸುತ್ತಿಕೊಂಡು ಇನ್ನೊಂದು ತುದಿ ಕರುಳಿನಲ್ಲಿ ಇರುತ್ತದೆ, ಲಾಡಿ ಎಳೆದಾಗ ಪೈಜಾಮದ ಸೊಂಟ ನೆರಿಗೆ ಬೀಳುವ ಹಾಗೆ ಕರುಳು ಮುದುರುತ್ತದೆ. ದಾರ ಕಂಡರೆ ಎಳೆಯಲೇಬೇಡಿ. ಹಿಂದೆ, ಗುದದ್ವಾರದಲ್ಲಿ ಕಂಡರೂ ಎಳೆಯಬೇಡಿ. ಕರುಳನ್ನು ಕೊಯ್ದುಬಿಡುತ್ತದೆ.

ಉಸಿರಾಟ ನೋಡಿ. ಮಲಗಿರುವಾಗ ನಿಮಿಷಕ್ಕೆ 30ಕ್ಕಿಂತ ಕಮ್ಮಿ ಇರಬೇಕು. ಬಾಯಿ ತೆರೆದು ಉಸಿರಾಡುತ್ತಿದ್ದರೆ ಈ ಉತ್ತರ ಓದುವುದನ್ನು ಬಿಟ್ಟು ಹೊರಡಿ.

"ಮೈ ಬಿಸಿ ಇದೆ" ಅಂದಿರಿ. ಬೆಕ್ಕಿನ ಮೈ ಯಾವಾಗಲೂ ನಮ್ಮ ಕೈಗೆ ಬಿಸಿಯೇ. ಅದರ ಸರಿಯಾದ ತಾಪಮಾನವೇ 100.5ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಕಿವಿ ಮುಟ್ಟಿ, ಮೂಗು ಒಣಗಿದೆಯಾ ಅಂತ ನೋಡಿ ಜ್ವರ ಹೇಳಲು ಬರುವುದಿಲ್ಲ. ಥರ್ಮಾಮೀಟರ್ ಹಿಂದಿನಿಂದ ಹಾಕಿ ನೋಡಬೇಕು, ಅದನ್ನು ಡಾಕ್ಟರಿಗೆ ಬಿಡಿ.

ನೋವು ಇದೆಯಾ ಅಂತ ಮುಖ ನೋಡಿ ಅಂದಾಜು ಮಾಡಬಹುದು. ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಇದಕ್ಕೊಂದು ಅಳತೆ ಪ್ರಕಟಿಸಿದರು. ಕಿವಿ, ಕಣ್ಣು, ಮೂತಿ, ಮೀಸೆ, ತಲೆ ಹಿಡಿದುಕೊಂಡ ರೀತಿ, ಐದಕ್ಕೂ 0ಯಿಂದ 2ರವರೆಗೆ ಅಂಕ. ಕಿವಿ ಪಕ್ಕಕ್ಕೆ ತಿರುಗಿದೆ, ಕಣ್ಣು ಅರ್ಧ ಮುಚ್ಚಿದೆ, ಮೂತಿ ಬಿಗಿದಿದೆ, ಮೀಸೆ ನೆಟ್ಟಗಾಗಿದೆ, ತಲೆ ಭುಜಕ್ಕಿಂತ ಕೆಳಗೆ ಜೋತಿದೆ ಅಂದರೆ ಅಂಕ ಏರುತ್ತದೆ. ಹತ್ತಕ್ಕೆ ನಾಲ್ಕು ಬಂದರೆ ನೋವಿನ ಔಷಧಿ ಬೇಕು. ಮಂಚದ ಕೆಳಗೆ ಕೂತ ಗುಂಡನ ಮುಖವನ್ನು ಟಾರ್ಚ್ ಹಾಕದೆ ದೂರದಿಂದಲೇ ಸ್ವಲ್ಪ ಹೊತ್ತು ನೋಡಿ. ನಿದ್ದೆಯ ಮುಖಕ್ಕೂ ನೋವಿನ ಮುಖಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ.

ಕ್ರೋಸಿನ್ ಯಾಕೆ ಬೇಡ ಅಂತ ಹೇಳಲೇಬೇಕು, ಯಾಕೆಂದರೆ ಇದನ್ನು ಪ್ರೀತಿಯಿಂದಲೇ ಕೊಟ್ಟು ಕೊಂದವರು ಇದ್ದಾರೆ. ಕ್ರೋಸಿನ್, ಡೋಲೋ, ಕಾಲ್ಪಾಲ್ ಎಲ್ಲದರಲ್ಲೂ ಇರುವುದು ಪ್ಯಾರಾಸಿಟಮಾಲ್. ನಮ್ಮ ಲಿವರ್ ಅದನ್ನು ಒಂದು ಕಿಣ್ವದ ಸಹಾಯದಿಂದ ಕಟ್ಟಿ ಹೊರಗೆ ಹಾಕುತ್ತದೆ. ಬೆಕ್ಕಿನಲ್ಲಿ ಆ ಕಿಣ್ವ ಇಲ್ಲದಷ್ಟು ಕಮ್ಮಿ. ಔಷಧಿ ವಿಷವಾಗಿ ಮಾರ್ಪಟ್ಟು ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ವಸಡು ಕಂದಾಗುತ್ತದೆ, ಮುಖ ಮತ್ತು ಪಾದ ಊದುತ್ತವೆ, ಉಸಿರಾಡಲು ಒದ್ದಾಡುತ್ತದೆ. 500 ಎಂಜಿಯ ಒಂದೇ ಮಾತ್ರೆ ದೊಡ್ಡ ಬೆಕ್ಕನ್ನು ಕೊಲ್ಲಲು ಸಾಕು. ಯಾರಾದರೂ ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡಬೇಡಿ, ಬೇಗ ಹೋದರೆ ಅಸಿಟೈಲ್ ಸಿಸ್ಟೀನ್ ಅನ್ನುವ ಔಷಧಿ ಕೆಲಸ ಮಾಡುತ್ತದೆ. ಬ್ರೂಫೆನ್, ಕಾಂಬಿಫ್ಲಾಮ್ ಕೂಡ ಮನೆಯ ಡಬ್ಬಿಯಿಂದ ಬೆಕ್ಕಿಗೆ ಹೋಗಬಾರದು, ಹೊಟ್ಟೆಯಲ್ಲಿ ಹುಣ್ಣಾಗಿ ಕಿಡ್ನಿ ಹೋಗುತ್ತದೆ.

ಇದೇ ಕಿಣ್ವದ ಕೊರತೆಯಿಂದ ಇನ್ನೊಂದು ಅಪಾಯವಿದೆ, ಹೊಸ ಮನೆಗೆ ಬಂದವರಿಗೆ ಮುಖ್ಯವಾದದ್ದು. ಮನೆ ತೊಳೆಯಲು ಏನು ಹಾಕಿದಿರಿ? ಫಿನೈಲ್ ಥರದ ಫಿನಾಲ್ ಇರುವ ದ್ರಾವಣಗಳನ್ನೂ ಬೆಕ್ಕಿನ ಲಿವರ್ ಹೊರಹಾಕಲಾರದು. ಒದ್ದೆ ನೆಲದ ಮೇಲೆ ಓಡಾಡುತ್ತದೆ, ಆಮೇಲೆ ಕೂತು ಪಾದ ನೆಕ್ಕಿಕೊಳ್ಳುತ್ತದೆ. ಬಾಯಿ ಸುಟ್ಟು ಹುಣ್ಣಾಗುತ್ತದೆ, ಜೊಲ್ಲು ಸುರಿಯುತ್ತದೆ, ಊಟ ಬಿಡುತ್ತದೆ. ಹಿಂದಿನ ಬಾಡಿಗೆಯವರು ಅಟ್ಟದಲ್ಲಿ, ಸಿಂಕಿನ ಕೆಳಗೆ ಇಲಿ ಪಾಷಾಣ ಇಟ್ಟು ಹೋಗಿರುವುದೂ ಇದೆ. ಎಲ್ಲ ಮೂಲೆ ನೋಡಿ, ಪೊಟ್ಟಣ ಸಿಕ್ಕರೆ ಎಸೆಯದೆ ಡಾಕ್ಟರಿಗೆ ತೋರಿಸಲು ತೆಗೆದುಕೊಂಡು ಹೋಗಿ, ಯಾಕೆಂದರೆ ಒಂದೊಂದು ಪಾಷಾಣಕ್ಕೆ ಒಂದೊಂದು ಚಿಕಿತ್ಸೆ. ಗೃಹಪ್ರವೇಶಕ್ಕೆ ಯಾರಾದರೂ ಲಿಲ್ಲಿ ಹೂವಿನ ಬೊಕ್ಕೆ ಕೊಟ್ಟಿದ್ದರಾ? ದೊಡ್ಡ ಕಹಳೆಯಂಥ ಹೂ, ಕಂದು ಪರಾಗ ಉದುರುತ್ತದಲ್ಲ, ಅದು. ಎಲೆ, ದಳ, ಪರಾಗ, ಹೂದಾನಿಯ ನೀರು, ಏನು ಬಾಯಿಗೆ ಹೋದರೂ ಬೆಕ್ಕಿನ ಕಿಡ್ನಿ ಎರಡು ಮೂರು ದಿನದಲ್ಲಿ ನಿಲ್ಲಬಹುದು. ಬೆಕ್ಕಿರುವ ಮನೆಗೆ ಆ ಹೂ ಬರಲೇಬಾರದು.

ಹಾಗಾದರೆ ಮನೆ ಬದಲಾದ ಬೇಸರಕ್ಕೇ ಊಟ ಬಿಟ್ಟಿರಬಹುದಾ? ಬಿಟ್ಟಿರಬಹುದು. ಬೆಕ್ಕಿಗೆ ಜಾಗ ಮನುಷ್ಯರಷ್ಟೇ ಮುಖ್ಯ, ಕೆಲವಕ್ಕೆ ಮನುಷ್ಯರಿಗಿಂತ ಜಾಸ್ತಿ. ದೀಪಾವಳಿ ಪಟಾಕಿ, ಮನೆ ತುಂಬಾ ನೆಂಟರು, ಇನ್ನೊಂದು ಬೆಕ್ಕು ತಂದದ್ದು, ಇವೆಲ್ಲ ಊಟ ಬಿಡಿಸುತ್ತವೆ. ಆದರೆ ಹೀಗೆ ಹೆದರಿದ ಬೆಕ್ಕು ಸಾಮಾನ್ಯವಾಗಿ ರಾತ್ರಿ ಎಲ್ಲರೂ ಮಲಗಿದ ಮೇಲೆ ಬಂದು ಒಂದಿಷ್ಟು ತಿಂದು ಹೋಗುತ್ತದೆ, ವಾಂತಿ ಮಾಡುವುದಿಲ್ಲ. ಅಲ್ಲದೆ ಗುಂಡ ಮನೆ ಬದಲಿಸಿದ ದಿನವೇ ಊಟ ಬಿಟ್ಟಿಲ್ಲ, ಅದಾದ ಮೇಲೆ ಕೆಲವು ದಿನ ತಿಂದಿದ್ದಾನೆ. ಕಾರಣ ಬೇಸರವೇ ಆಗಿದ್ದರೂ ಲಿವರ್‌ಗೆ ಆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ, ಅದು ನಿಮ್ಮ ಅದೃಷ್ಟ. ಹೆಬ್ಬಾಳ, ಹಾಸನ, ಬೀದರ್ ಕಡೆಯವರಿಗೂ ಕಾಲೇಜು ಆಸ್ಪತ್ರೆಗಳಿವೆ. ಹೊರಡುವ ಮುಂಚೆ ಫೋನ್ ಮಾಡಿ ಸಮಯ ಕೇಳಿಕೊಳ್ಳಿ. ಬೇರೆ ಊರಿನವರಿಗೆ ಒಂದು ಮಾತು: ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ದನ, ಎಮ್ಮೆ ನೋಡುವುದೇ ಜಾಸ್ತಿ, ಆದರೂ ಇಂಜೆಕ್ಷನ್, ಡ್ರಿಪ್ ಅಲ್ಲಿ ಸಿಗುತ್ತದೆ, ದೊಡ್ಡ ಊರಿಗೆ ಹೋಗಲು ಒಂದು ದಿನ ಬೇಕು ಅಂದರೆ ಮೊದಲು ಅಲ್ಲಿಗೇ ಹೋಗಿ. ಬೆಕ್ಕನ್ನು ಗೋಣಿಚೀಲದಲ್ಲಿ ಹಾಕಬೇಡಿ. ಕ್ಯಾರಿಯರ್ ಇಲ್ಲದಿದ್ದರೆ ಮುಚ್ಚಳ ಇರುವ ಪ್ಲಾಸ್ಟಿಕ್ ಬುಟ್ಟಿ, ಒಳಗೆ ಅವನು ಮಲಗುವ ಬಟ್ಟೆ, ಮೇಲೆ ಒಂದು ಟವೆಲ್ ಹೊದೆಸಿ.

ಅಲ್ಲಿ ಏನು ಮಾಡುತ್ತಾರೆ? ಬಾಯಿ, ಹೊಟ್ಟೆ, ಜ್ವರ ನೋಡಿ, ರಕ್ತ ಪರೀಕ್ಷೆಗೆ ಕಳಿಸುತ್ತಾರೆ, ಬೇಕಿದ್ದರೆ ಎಕ್ಸ್‌ರೇ ಅಥವಾ ಸ್ಕ್ಯಾನ್. ವಾಂತಿ ನಿಲ್ಲುವ ಇಂಜೆಕ್ಷನ್ ಕೊಡುತ್ತಾರೆ, ಎಷ್ಟೋ ಬೆಕ್ಕುಗಳು ತೊಳಸುವುದು ನಿಂತ ಕೆಲವೇ ಗಂಟೆಯಲ್ಲಿ ತಾವಾಗಿ ತಿನ್ನುತ್ತವೆ. ಹಸಿವು ಹುಟ್ಟಿಸುವ ಔಷಧಿಗಳೂ ಇವೆ. ಮಿರ್ಟಾಜಪಿನ್ ಅನ್ನುವುದು ಮನುಷ್ಯರ ಖಿನ್ನತೆಯ ಮಾತ್ರೆ, ಬೆಕ್ಕಿನ ಹಸಿವಿಗೂ ಆಗುತ್ತದೆ, ಅಮೆರಿಕದಲ್ಲಿ 2018ರಲ್ಲಿ ಬೆಕ್ಕಿನ ಕಿವಿಗೆ ಸವರುವ ಮುಲಾಮಾಗಿಯೇ ಅದಕ್ಕೆ ಒಪ್ಪಿಗೆ ಸಿಕ್ಕಿತು. ಅಂಗಡಿಯಿಂದ ತಂದು ನೀವೇ ಕೊಡಬೇಡಿ, ಮನುಷ್ಯರ ಮಾತ್ರೆಯ ಸಣ್ಣ ಚೂರು ಬೆಕ್ಕಿಗೆ ಸಾಕು, ಜಾಸ್ತಿಯಾದರೆ ರಾತ್ರಿಯಿಡೀ ಕಿರುಚಿಕೊಂಡು ಓಡಾಡುತ್ತದೆ. ಮತ್ತೆ, ಕರುಳು ಕಟ್ಟಿದ ಬೆಕ್ಕಿಗೆ ಹಸಿವು ಹುಟ್ಟಿಸಿ ಏನು ಪ್ರಯೋಜನ?

ಒಂದು ವಿಷಯದಲ್ಲಿ ನೀವು ಗಟ್ಟಿಯಾಗಿರಬೇಕು. ನಮ್ಮಲ್ಲಿ ಗ್ಲೂಕೋಸ್ ಬಾಟಲಿ ಏರಿಸಿದರೆ ಊಟ ಹಾಕಿದ ಹಾಗೆ ಅನ್ನುವ ನಂಬಿಕೆ ಇದೆ. ಲೆಕ್ಕ ನೋಡಿ. 5 ಪರ್ಸೆಂಟ್ ಗ್ಲೂಕೋಸ್ 100 ಎಂಎಲ್‌ನಲ್ಲಿ ಇರುವುದು 5 ಗ್ರಾಂ ಸಕ್ಕರೆ, ಅಂದರೆ 20 ಕ್ಯಾಲರಿಯೂ ಇಲ್ಲ. ಗುಂಡನಂಥ ಬೆಕ್ಕಿಗೆ ಸುಮ್ಮನೆ ಮಲಗಿದ್ದರೂ ದಿನಕ್ಕೆ 200ರಿಂದ 250 ಕ್ಯಾಲರಿ ಬೇಕು. ಪ್ರೋಟೀನ್ ಅಂತೂ ಬಾಟಲಿಯಲ್ಲಿ ಸೊನ್ನೆ. ಡ್ರಿಪ್ ನೀರಿನ ಕೊರತೆ ನೀಗಿಸುತ್ತದೆ, ಅದೂ ಬೇಕು, ಆದರೆ ಡ್ರಿಪ್ ಹಾಕಿಸಿದ್ದೇವಲ್ಲ ಅಂತ ಊಟದ ವಿಷಯ ಮರೆತು ನಾಲ್ಕು ದಿನ ಕಳೆಯುವುದೇ ಲಿವರ್ ಕೆಡುವ ದಾರಿ. ಡಾಕ್ಟರನ್ನು ನೇರವಾಗಿ ಕೇಳಿ: "ನಾಳೆಯೂ ತಿನ್ನದಿದ್ದರೆ ಹೊಟ್ಟೆಗೆ ಆಹಾರ ಹೇಗೆ ಕೊಡುತ್ತೀರಿ?" ಮೂಗಿನಿಂದ ಸಣ್ಣ ಟ್ಯೂಬ್ ಹಾಕುವುದಿದೆ, ಕತ್ತಿನ ಪಕ್ಕದಿಂದ ಅನ್ನನಾಳಕ್ಕೆ ಹಾಕುವುದಿದೆ. ಕೇಳಿದರೆ ಭಯವಾಗುತ್ತದೆ, ಕತ್ತಿಗೆ ಟ್ಯೂಬ್ ಹಾಕಿಸಿ ಅಂದರೆ ಮನೆಯವರು ಬೆಕ್ಕನ್ನು ಎತ್ತಿಕೊಂಡು ಹೊರಟೇಬಿಡುತ್ತಾರೆ. ಆದರೆ ಆ ಟ್ಯೂಬ್ ಇಟ್ಟುಕೊಂಡೇ ಬೆಕ್ಕು ಮನೆಯಲ್ಲಿ ಓಡಾಡಿಕೊಂಡು, ನಿದ್ದೆ ಮಾಡಿಕೊಂಡು ವಾರಗಟ್ಟಲೆ ಆರಾಮಾಗಿ ಇರುತ್ತದೆ. ಲಿವರ್ ಕೆಟ್ಟ ಬೆಕ್ಕುಗಳು ಬದುಕಿಕೊಳ್ಳುವುದು ಹೀಗೆ ಹೊಟ್ಟೆಗೆ ಆಹಾರ ಬಿದ್ದಾಗಲೇ. ಲಿವರ್ ಟಾನಿಕ್ ಕೊಟ್ಟು ಮೂರು ದಿನ ನೋಡಿ ಅಂತ ಪೆಟ್ ಶಾಪಿನವರು ಹೇಳಿದರೆ ಕೇಳಬೇಡಿ.

ಸಿರಿಂಜಿನಲ್ಲಿ ಹಾಲು ಬೇಡ ಅಂದೆನಲ್ಲ. ತೊಳಸುತ್ತಿರುವ ಬೆಕ್ಕನ್ನು ಹಿಡಿದು ಬಾಯಿಗೆ ಹುಯ್ದರೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಆಗದಿದ್ದರೂ, ಆ ರುಚಿಯನ್ನೂ ಆ ಹಿಂಸೆಯನ್ನೂ ಬೆಕ್ಕು ಒಟ್ಟಿಗೆ ನೆನಪಿಟ್ಟುಕೊಂಡು ಚೇತರಿಸಿಕೊಂಡ ಮೇಲೂ ಆ ಆಹಾರ ಮುಟ್ಟುವುದಿಲ್ಲ. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವೂ ಆಗುವುದಿಲ್ಲ, ಭೇದಿ ಒಂದು ಜೊತೆಗೆ ಸೇರಿಕೊಳ್ಳುತ್ತದೆ.

ಡಾಕ್ಟರು ನೋಡಿ, ಮನೆಯಲ್ಲಿ ತಿನ್ನಿಸಲು ನೋಡಿ ಅಂತ ಕಳಿಸಿದರು ಅಂದುಕೊಳ್ಳಿ. ಒಂದು ಸಣ್ಣ ಕೋಣೆ ಗುಂಡನಿಗೇ ಬಿಟ್ಟುಕೊಡಿ. ಹಳೇ ಮನೆಯ ಬಟ್ಟೆ, ಗೋಣಿ, ಅವನು ಉಗುರು ಕೆರೆಯುತ್ತಿದ್ದ ಹಲಗೆ ತೊಳೆಯದೆ ಹಾಗೇ ಇಡಿ, ಅದರಲ್ಲಿ ಅವನ ವಾಸನೆ ಇದೆ. ಊಟದ ತಟ್ಟೆ ಒಂದು ಮೂಲೆ, ಲಿಟರ್ ಟ್ರೇ ಎದುರು ಮೂಲೆ. ಮಂಚದ ಕೆಳಗಿಂದ ಎಳೆಯಬೇಡಿ, ತಟ್ಟೆಯನ್ನೇ ಅಲ್ಲಿಗೆ ಸರಿಸಿ. ಕೋಳಿಯನ್ನು ಬರೀ ನೀರಲ್ಲಿ ಬೇಯಿಸಿ. ಉಪ್ಪು ಬೇಡ, ಈರುಳ್ಳಿ ಬೆಳ್ಳುಳ್ಳಿ ಖಂಡಿತಾ ಬೇಡ, ಸಾರಿನಿಂದ ತೆಗೆದು ತೊಳೆದ ತುಂಡೂ ಬೇಡ, ಅವೆರಡೂ ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ. ಸಣ್ಣಗೆ ಬಿಡಿಸಿ, ಬೇಯಿಸಿದ ನೀರು ಒಂದು ಚಮಚ ಹಾಕಿ, ಉಗುರುಬೆಚ್ಚಗೆ ಮಾಡಿ ಕೊಡಿ. ಫ್ರಿಜ್ಜಿನಿಂದ ತೆಗೆದ ತಣ್ಣನೆಯ ಪೌಚನ್ನು (ಅಂಗಡಿಯ ಮೆತ್ತಗಿನ ಆಹಾರದ ಪೊಟ್ಟಣ) ಹುಷಾರಾಗಿರುವ ಬೆಕ್ಕೇ ಮೂಸುವುದಿಲ್ಲ. ಬಿಸಿನೀರಿನ ಪಾತ್ರೆಯಲ್ಲಿ ಪೌಚ್ ಇಟ್ಟು ಬೆಚ್ಚಗೆ ಮಾಡಿದರೆ ವಾಸನೆ ಏಳುತ್ತದೆ. ಎರಡು ಚಮಚದಷ್ಟೇ ಹಾಕಿ. ಆಳದ ಬಟ್ಟಲಿಗಿಂತ ಚಪ್ಪಟೆ ತಟ್ಟೆ ಒಳ್ಳೆಯದು. ಮೂಗು ಕಟ್ಟಿದ್ದರೆ ಮೊದಲು ಬೆಚ್ಚನೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಅರ್ಧ ಗಂಟೆಯಲ್ಲಿ ಮುಟ್ಟದಿದ್ದರೆ ತೆಗೆದುಬಿಡಿ, ಎರಡು ಗಂಟೆ ಬಿಟ್ಟು ಹೊಸದಾಗಿ ಹಾಕಿ. ಮೀನು, ಕೋಳಿ, ಮೊಟ್ಟೆ, ಮೂರು ಬ್ರ್ಯಾಂಡಿನ ಪೌಚ್ ಎಲ್ಲ ಸುತ್ತಲೂ ಜೋಡಿಸಿ, ಮನೆಯವರೆಲ್ಲ ಸುತ್ತ ಕೂತು "ತಿನ್ನೋ ಗುಂಡಾ" ಅಂತ ಗೋಗರೆಯುವುದು ಬೇಡ. ತೊಳಸುವ ಹೊಟ್ಟೆಗೆ ಎಲ್ಲ ವಾಸನೆ ಒಟ್ಟಿಗೆ ಬಂದರೆ ಇನ್ನೂ ದೂರ ಹೋಗುತ್ತಾನೆ. ತಿನ್ನಲು ಶುರು ಮಾಡಿದರೆ ಖುಷಿಗೆ ತಟ್ಟೆ ತುಂಬಿಸಬೇಡಿ, ಮೊದಲ ದಿನ ಮಾಮೂಲಿಯ ಕಾಲುಭಾಗದಿಂದ ಮೂರನೇ ಒಂದು ಭಾಗ, ಆಮೇಲೆ ಮೂರು ನಾಲ್ಕು ದಿನದಲ್ಲಿ ಪೂರ್ತಿ. ಮತ್ತೆ, ಎರಡು ತುತ್ತು ನೆಕ್ಕಿದರೆ ಅದು ಊಟ ಅಲ್ಲ.

ಕಾಳನ್ನೇ ತಿನ್ನುವವನಾಗಿದ್ದರೆ ಆ ಚೀಲವನ್ನೊಮ್ಮೆ ಮೂಸಿ ನೋಡಿ. ಮಲೆನಾಡಿನ ಮಳೆಗಾಲದಲ್ಲಿ ತೆರೆದ ಚೀಲದ ಕೊಬ್ಬು ಬೇಗ ಕಮಟುತ್ತದೆ, ಬೂಷ್ಟು ಹಿಡಿಯುತ್ತದೆ. ನಮಗೆ ಗೊತ್ತಾಗುವ ಮುಂಚೆ ಬೆಕ್ಕಿಗೆ ಗೊತ್ತಾಗಿರುತ್ತದೆ. ಲೂಸ್ ಆಗಿ ತೂಕ ಮಾಡಿ ಕೊಡುವ ಕಾಳನ್ನಂತೂ ನಾನು ತರುವುದಿಲ್ಲ. ಅದು ಯಾವತ್ತು ತೆರೆದ ಚೀಲವೋ ಯಾರಿಗೆ ಗೊತ್ತು.

ಬೇರೆ ಓದುಗರಿಗೆ ಎರಡು ಮಾತು. ಮರಿಗಳಿಗೆ ಈ 24 ಗಂಟೆಯ ಲೆಕ್ಕ ಇಲ್ಲ. ಎರಡು ತಿಂಗಳೊಳಗಿನ ಮರಿ ಅರ್ಧ ದಿನ ಊಟ ಬಿಟ್ಟರೆ ರಕ್ತದಲ್ಲಿ ಸಕ್ಕರೆ ಇಳಿದು ತಣ್ಣಗಾಗಿ ಬಿದ್ದುಬಿಡುತ್ತದೆ. ಲಸಿಕೆ ಹಾಕದ ಮರಿ ಊಟ ಬಿಟ್ಟು, ವಾಂತಿ ಮಾಡಿ, ನೀರಿನ ಬಟ್ಟಲ ಮೇಲೆ ತಲೆ ಬಾಗಿಸಿ ಕುಡಿಯದೆ ಕೂತಿದೆ ಅಂದರೆ ಪ್ಯಾನ್‌ಲ್ಯುಕೋಪೀನಿಯಾ ಅನ್ನುವ ಮಾರಕ ವೈರಸ್ ಕಾಯಿಲೆ ಇರಬಹುದು, ಒಂದು ರಾತ್ರಿಯೂ ಕಾಯಬಾರದು. ಮುದಿ ಬೆಕ್ಕು ಕೆಲವು ತಿಂಗಳಿಂದ ನೀರು ಜಾಸ್ತಿ ಕುಡಿದು, ಮೂತ್ರ ಜಾಸ್ತಿ ಮಾಡಿ, ತೆಳ್ಳಗಾಗಿ ಈಗ ಊಟ ಬಿಟ್ಟಿದೆ ಅಂದರೆ ಮೊದಲು ಕಿಡ್ನಿ ನೋಡಿಸಿ.

ಕರಾವಳಿಯವರು ಹಸಿ ಮೀನನ್ನೇ ದಿನಾ ಹಾಕುತ್ತಿದ್ದರೆ ನಿಲ್ಲಿಸಿ. ಕೆಲವು ಮೀನುಗಳಲ್ಲಿ ಬಿ1 ಜೀವಸತ್ವವನ್ನು ಒಡೆಯುವ ಕಿಣ್ವ ಇದೆ. ಮೊದಲು ಊಟ ಬಿಡುತ್ತದೆ, ಆಮೇಲೆ ಕತ್ತು ಎದೆಗೆ ಬಾಗುತ್ತದೆ, ತೂರಾಡುತ್ತದೆ. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ಇನ್ನು ಬರೀ ಮೊಸರನ್ನ, ಹಾಲನ್ನದ ಮೇಲೆ ಬೆಕ್ಕು ಸಾಕುವವರಿಗೆ: ನಿಮ್ಮ ಮನೆ ಸಸ್ಯಾಹಾರಿ ಇರಬಹುದು, ಬೆಕ್ಕು ಅಲ್ಲ. ಮಾಂಸದಲ್ಲಿರುವ ಟಾರಿನ್ ಅನ್ನುವ ಪೋಷಕಾಂಶ ಇಲ್ಲದಿದ್ದರೆ ಬೆಕ್ಕಿನ ಕಣ್ಣು ಹೋಗುತ್ತದೆ, ಹೃದಯ ಹಿಗ್ಗುತ್ತದೆ, ಹೃದಯದ ವಿಷಯ 1987ರಲ್ಲೇ ಸಾಬೀತಾಗಿದೆ. ಅಡುಗೆಮನೆಗೆ ಮಾಂಸ ತರಲು ಆಗದಿದ್ದರೆ ಬೆಕ್ಕಿನ ಕಾಳು ಕೊಳ್ಳಿ. ನಾಯಿಯದ್ದಲ್ಲ, ಬೆಕ್ಕಿನದೇ.

ಗುಂಡ ಹುಷಾರಾದ ಮೇಲೆ ಅವನ ತೂಕ ಇಳಿಸಬೇಕು, ಅದೂ ನಿಧಾನವಾಗಿ, ವಾರಕ್ಕೆ ನೂರು ಗ್ರಾಂ ಮೀರದ ಹಾಗೆ. ಒಂದೇ ಸಲ ಊಟ ಅರ್ಧ ಮಾಡಿದರೆ ಇದೇ ಲಿವರ್ ತೊಂದರೆಗೆ ನೀವೇ ಬಾಗಿಲು ತೆರೆದ ಹಾಗಾಗುತ್ತದೆ. ಮನೆಯ ತಕ್ಕಡಿ ಮೇಲೆ ಅವನನ್ನು ಎತ್ತಿಕೊಂಡು ನಿಂತು ನೋಡುವ ಲೆಕ್ಕದಲ್ಲಿ ನೂರಿನ್ನೂರು ಗ್ರಾಂ ವ್ಯತ್ಯಾಸ ಸಿಗುವುದಿಲ್ಲ, ಮಗುವಿನ ತಕ್ಕಡಿ ಇದ್ದರೆ ಒಳ್ಳೆಯದು. ಇವತ್ತು ಆಸ್ಪತ್ರೆಯಲ್ಲಿ ತೂಗುತ್ತಾರೆ, ಆ ಅಂಕಿ ಬರೆದಿಟ್ಟುಕೊಳ್ಳಿ. ರಕ್ತ ಪರೀಕ್ಷೆಯ ರಿಪೋರ್ಟ್ ಬಂದ ಮೇಲೆ ಅದರ ಫೋಟೋ, ಬಟ್ಟಲ ಮುಂದಿನ ವಿಡಿಯೋ ಎರಡನ್ನೂ ಕಳಿಸಿ, ನೋಡುತ್ತೇನೆ.